ಬಲಗೈಯ ನಾಲ್ಕು ಬೆರಳು

"ಇನ್ನೊಂದ್ಸಲ," ಎಂದ ಕ್ರೇಗ್.

ಏಳು ವರ್ಷದ ಮಗ ಯೂವನ್ ತನ್ನ ಬೆನ್ನಚೀಲವನ್ನು ಎತ್ತಿ, ಅಡುಗೆಮನೆಯ ನೆಲದ ಮೇಲಿದ್ದ ಪ್ಲೈವುಡ್ ಪೆಟ್ಟಿಗೆಯೊಳಕ್ಕೆ ಇಳಿಬಿಟ್ಟ. ಚೀಲ ಎಲ್ಲೂ ತಗುಲದೆ ತಳ ಸೇರಿತು. ಕ್ರೇಗ್ ತಲೆಯಾಡಿಸಿದ. ಆ ಪೆಟ್ಟಿಗೆಯನ್ನು ಅವನು ಗ್ಯಾರೇಜಿನಲ್ಲಿ ಎರಡು ಸಂಜೆ ಕೂತು ಕೊಯ್ದು, ಉಜ್ಜಿ, ಮೊಳೆ ಹೊಡೆದು ಮಾಡಿದ್ದ. ಸೀಟಿನ ಕೆಳಗೆ ಇಡುವ ಚೀಲಕ್ಕೆ ವಿಮಾನದವರು ಹೇಳಿದ ಅಳತೆ ಎಷ್ಟೋ ಅಷ್ಟೇ. ಒಂದು ಕೂದಲೆಳೆ ಹೆಚ್ಚಿಲ್ಲ.

ಬುಡಾಪೆಸ್ಟಿಗೆ ಹೊರಡಲು ಇನ್ನು ಹದಿನೈದು ದಿನವಿತ್ತು. ಅಕ್ಟೋಬರಿನ ಶಾಲಾ ರಜೆಯಲ್ಲಿ, ಸೋಮವಾರದಿಂದ ಗುರುವಾರದವರೆಗೆ. ಫ್ರಿಜ್ಜಿನ ಪಕ್ಕದ ಬಿಳಿ ಹಲಗೆಯಲ್ಲಿ ಆ ನಾಲ್ಕು ದಿನಗಳು ಕಾಲು ಕಾಲು ಗಂಟೆಯ ಚೌಕಗಳಾಗಿ ತುಂಡಾಗಿದ್ದವು. ಹಸಿರು ಶಾಯಿಯಲ್ಲಿ ನಡೆಯುವುದು, ನೀಲಿಯಲ್ಲಿ ತಿನ್ನುವುದು, ಕೆಂಪಿನಲ್ಲಿ ಮಕ್ಕಳು ಶೌಚಕ್ಕೆ ಹೋಗುವುದು. ಮಂಗಳವಾರ ಮಧ್ಯಾಹ್ನದ ಚೌಕದಲ್ಲಿ ಯೂವನ್ ತನ್ನ ಕೈಯಾರೆ ಬರೆದಿದ್ದ 'ಮಕ್ಕಳ ರೈಲು' ಎಂಬ ಸಾಲನ್ನು ಒರೆಸಿದ ಗುರುತು ಇನ್ನೂ ಮಬ್ಬಾಗಿ ಉಳಿದಿತ್ತು. ಆ ಊರಿನ ಗುಡ್ಡದ ಮೇಲೊಂದು ಪುಟ್ಟ ರೈಲು ಓಡುತ್ತದೆ, ಅದರಲ್ಲಿ ಟಿಕೆಟ್ ಕೊಡುವವರು, ಬಾವುಟ ತೋರಿಸುವವರು, ಸಲಾಮು ಹೊಡೆಯುವವರು ಎಲ್ಲ ಮಕ್ಕಳೇ ಎಂದು ಶಾಲೆಯ ಪುಸ್ತಕವೊಂದರಲ್ಲಿ ಅವನು ಓದಿದ್ದ. "ಅರ್ಧ ದಿನ ದಂಡ," ಎಂದು ಕ್ರೇಗ್ ಒರೆಸಿದ್ದ. ಯೂವನ್ ಮತ್ತೆ ಕೇಳಿರಲಿಲ್ಲ. ಆ ಮನೆಯಲ್ಲಿ ಯಾರೂ ಯಾವುದನ್ನೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಸಂಡರ್‌ಲೆಂಡಿನ ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದವನು ಕ್ರೇಗ್. ಐದು ಸಲ ಫೇಲಾದವರನ್ನೂ ಆರನೆಯ ಸಲಕ್ಕೆ ಪಾಸು ಮಾಡಿಸುವವನು, ಒಮ್ಮೆಯೂ ದನಿ ಏರಿಸದವನು. ತಾಳ್ಮೆ ಅಂದರೆ ಕ್ರೇಗ್‌ನದು ಎಂದು ಜನ ಅವನ ಹೆಂಡತಿ ಲೋರ್ನಾಳ ಎದುರಿಗೇ ಹೇಳುತ್ತಿದ್ದರು. ಅವಳು ನಗುತ್ತಿದ್ದಳು.

"ಈಗ ಪಾಸ್‌ಪೋರ್ಟು," ಎಂದು ಅವನು ಲ್ಯಾಪ್‌ಟಾಪಿನ ಮುಂದೆ ಕೂತ. "ನಂದು ತಗೋ. ನಂಬರ್ ಓದು."

ಲೋರ್ನಾ ಓದಿದಳು.

"ಮುಗಿಯೋ ತಾರೀಕು?"

"ಮುಂದಿನ ವರ್ಷ, ಜೂನ್ ಆರು."

ಅವನ ಬೆರಳುಗಳು ಟಕಟಕ ಆಡಿದವು. ಅವಳ ಕಣ್ಣು ಮಾತ್ರ ಇನ್ನೊಂದು ಸಾಲಿನ ಮೇಲೆ ನಿಂತುಬಿಟ್ಟಿತ್ತು. ಕೊಟ್ಟ ದಿನ: 2016, ಸೆಪ್ಟೆಂಬರ್ ಆರು. ಹತ್ತು ವರ್ಷ ತುಂಬಿ ಒಂದು ತಿಂಗಳು ದಾಟಿತ್ತು. ಹಳೆಯದನ್ನು ಬೇಗ ಬದಲಿಸಿದವರಿಗೆ ಆಗೆಲ್ಲ ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಿದ್ದರು. ಯುರೋಪಿನವರು ಈಗ ಆ ಹೆಚ್ಚಿನ ತಿಂಗಳುಗಳನ್ನು ಒಪ್ಪುವುದಿಲ್ಲ. ಕೊಟ್ಟ ದಿನದಿಂದ ಹತ್ತು ವರ್ಷ, ಅಲ್ಲಿಗೆ ಮುಗಿಯಿತು. ಲೋರ್ನಾ ಮಧ್ಯಾಹ್ನದ ಊಟ ಬಡಿಸುವ ಶಾಲೆಯ ಅಡುಗೆಮನೆಯಲ್ಲಿ ಮೋಲಿ ಅಕ್ಕ ತಟ್ಟೆ ಒರೆಸುತ್ತ ಈ ಕಥೆಯನ್ನು ನಾಲ್ಕು ಸಲ ಹೇಳಿದ್ದಳು. "ನನ್ನ ಭಾವ ಹ್ಯಾಟು ಹಾಕ್ಕೊಂಡು, ಚಡ್ಡಿ ಹಾಕ್ಕೊಂಡು ವಿಮಾನ ಹತ್ತೋಕೆ ಹೋದವನು, ಅದೇ ಹ್ಯಾಟು ಅದೇ ಚಡ್ಡೀಲಿ ಮಳೇಲಿ ನೆಂದು ವಾಪಸ್ ಬಂದ ನೋಡೇ!" ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

"ಕ್ರೇಗ್, ಇಲ್ಲಿ ಇನ್ನೊಂದು ತಾರೀಕು..."

"ಕೇಳಿದ್ನಾ?"

"ಇಲ್ಲ, ಆದ್ರೆ..."

"ನಾನು ಕೇಳಿದ್ನಾ ಲೋರ್ನಾ?" ದನಿ ಏರಿರಲಿಲ್ಲ. ಪಾಠ ಹೇಳುವಾಗಿನ ದನಿಯೇ. "ಕೇಳಿದ್ದಷ್ಟು ಹೇಳು. ಸಾಕು. ಈಗ ನಿಂದು ಓದು."

ಅವಳು ತನ್ನದನ್ನು ಓದಿದಳು. ಮಕ್ಕಳದ್ದನ್ನು ಓದಿದಳು. ಮೇಜಿನ ಆ ಬದಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ ಯೂವನ್ ಅಪ್ಪನ ಪಾಸ್‌ಪೋರ್ಟಿನ ಹಾಳೆಯನ್ನೇ ನೋಡುತ್ತಿದ್ದ. ಆಮೇಲೆ ಕ್ರೇಗ್ ನಾಲ್ಕನ್ನೂ ತಗಡಿನ ಡಬ್ಬಿಗೆ ಹಾಕಿ, ಬೀಗ ಹಾಕಿ, ಎದ್ದ.

"ನಿನ್ನ ಚೀಲ ತಾ."

ಲೋರ್ನಾಳ ಚೀಲ ಪೆಟ್ಟಿಗೆಗೆ ಇಳಿಯಲಿಲ್ಲ. ನಾಲ್ಕು ವರ್ಷದ ಮಗಳು ಎಡಿಗೆ ಮಲಗುವಾಗ ಬೇಕೇ ಬೇಕಾದ ಬೂದು ಮೊಲವನ್ನು ಅವಳು ಬಟ್ಟೆಯ ಕೆಳಗೆ ಒತ್ತಿಟ್ಟಿದ್ದಳು. ಒಂದು ಮಗ್ಗುಲು ಉಬ್ಬಿತ್ತು. ಅವಳು ಬಲಗೈಯನ್ನು ಅಂಚಿನ ಒಳಗೆ ತೂರಿಸಿ ಆ ಉಬ್ಬನ್ನು ಒತ್ತತೊಡಗಿದಳು.

"ಏನಿದೆ ಅಲ್ಲಿ?"

"ಏನಿಲ್ಲ. ಸೇರುತ್ತೆ, ತಾಳು."

"ಏನಿಲ್ಲದೆ ಇದ್ರೆ ಸೇರ್ಲೇಬೇಕಲ್ಲ," ಎಂದು ಕ್ರೇಗ್ ಬೂಟುಗಾಲನ್ನು ಚೀಲದ ಮೇಲಿಟ್ಟು, ಮೈಭಾರವನ್ನೆಲ್ಲ ಬಿಟ್ಟು ತುಳಿದ.

ಅವಳ ಕೈ ಇನ್ನೂ ಒಳಗಿತ್ತು. ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಚೀಲ ತಳ ಸೇರಿತು. ಲೋರ್ನಾ ಕೂಗಲಿಲ್ಲ, ಬಾಯಿ ತೆರೆದಿತ್ತು, ಅಷ್ಟೇ. ಅವನು ಕಾಲು ತೆಗೆಯಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಎಡಿ ಮೇಜಿನ ಕೆಳಗೆ ಸರಿದು ಎರಡು ಕಿವಿಗಳನ್ನೂ ಮುಚ್ಚಿಕೊಂಡಳು. ಕೇಳಲು ಯಾವ ಸದ್ದೂ ಇರಲಿಲ್ಲ.

"ನೋಡಿದ್ಯಾ," ಎಂದ ಕ್ರೇಗ್, "ಸೇರಿತು."

ಆಸ್ಪತ್ರೆಯಲ್ಲಿ ಅವನೇ ಅವಳ ಕೋಟು ಹಿಡಿದುಕೊಂಡು ಪಕ್ಕದಲ್ಲಿ ಕೂತ. "ಕಾರಿನ ಬಾಗಿಲು ಕಣ್ರೀ. ನಂ ಬಂಗಾರಕ್ಕೆ ಯಾವಾಗ್ಲೂ ಆತುರ," ಎಂದ. ನರ್ಸು ಲೋರ್ನಾಳನ್ನು ನೋಡಿದಳು. ಲೋರ್ನಾ ಗೋಡೆಯ ಮೇಲಿನ ಚಿತ್ರವನ್ನು ನೋಡಿದಳು. ನಡುಬೆರಳು, ಉಂಗುರದ ಬೆರಳು ಎರಡನ್ನೂ ಜೋಡಿಸಿ ಪಟ್ಟಿ ಸುತ್ತಿದರು. ಮೂರು ವಾರ ಬಿಚ್ಚಬಾರದು ಎಂದರು.

ಆ ರಾತ್ರಿ ಕಳೆದು ಬೆಳಗಾದಾಗಲೂ ಅವಳು ಅವನಿಗೆ ಆ ತಾರೀಕನ್ನು ಹೇಳಬೇಕೆಂದೇ ಇದ್ದಳು. ಅವನ ಮೇಲಿನ ಮಮತೆಯಿಂದಲ್ಲ. ವಿಮಾನ ನಿಲ್ದಾಣದಲ್ಲಿ ಅದು ಬಯಲಾದರೆ ಆಮೇಲಿನ ಕಾರಿನ ದಾರಿ, ಆಮೇಲಿನ ಮನೆ, ಆಮೇಲಿನ ನಾಲ್ಕು ಗೋಡೆ ಅವಳ ಕಣ್ಣಿಗೆ ಕಟ್ಟುತ್ತಿತ್ತು. ಹೊಸದು ಮಾಡಿಸಲು ಇನ್ನೂ ಸಮಯವಿತ್ತು. ಸೋಮವಾರ ಹೇಳಲಿಲ್ಲ. ಮಂಗಳವಾರ ಅವನೇ ಒಳ್ಳೆಯ ಮನಸ್ಸಿನಲ್ಲಿ ಚಹಾ ಮಾಡಿಕೊಟ್ಟಾಗ ಮಾತು ತುಟಿಯವರೆಗೆ ಬಂದು ನಿಂತಿತು. ಹೇಳಿದರೆ ಮೊನ್ನೆ ಯಾಕೆ ಹೇಳಲಿಲ್ಲ ಎನ್ನುತ್ತಾನೆ. ಹೇಳದಿದ್ದರೆ ಯಾಕೆ ಹೇಳಲಿಲ್ಲ ಎನ್ನುತ್ತಾನೆ. ಹೇಗೆ ತಿರುಗಿಸಿದರೂ ಅದೇ ಬೂಟು.

ಅವಳನ್ನು ಪೂರ್ತಿ ಸುಮ್ಮನಾಗಿಸಿದ್ದು ಅವನಲ್ಲ.

ಆ ವಾರದ ಶನಿವಾರ ಕ್ರೇಗ್ ಹಜಾರದಲ್ಲಿ ಕುರ್ಚಿಗಳನ್ನು ಸಾಲಾಗಿಟ್ಟು ತಪಾಸಣೆಯ ಅಭ್ಯಾಸ ಮಾಡಿಸಿದ. ಬೂಟು ಬಿಚ್ಚಬೇಕು, ಕೋಟು ತೆಗೆಯಬೇಕು, ಪಾತ್ರೆ ತೊಳೆಯುವ ಟಬ್ಬಿನೊಳಗೆ ಹಾಕಬೇಕು, ಎರಡು ನಿಮಿಷ ಮೀರಬಾರದು. ಯೂವನ್‌ನನ್ನು ಅಧಿಕಾರಿ ಮಾಡಿ ಗಡಿಯಾರ ಹಿಡಿಸಿದ. ಎಡಿಯ ಬೂಟಿನ ಲಾಡಿ ಗಂಟುಬಿದ್ದಿತ್ತು. ಅವಳು ನಾಲಗೆ ಹೊರಚಾಚಿ ಬಿಚ್ಚುತ್ತಲೇ ಇದ್ದಳು.

"ಎಡಿ," ಎಂದ ಯೂವನ್ ಮೆಲ್ಲಗೆ. ದನಿ ಏರಿಸಲಿಲ್ಲ. ಹತ್ತಿರ ಹೋಗಿ, ತಂಗಿಯ ಕತ್ತಿನ ಹಿಂಭಾಗವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಅವಳ ಹಣೆ ಕುರ್ಚಿಯ ಅಂಚಿಗೆ ತಾಗುವವರೆಗೆ ಬಗ್ಗಿಸಿದ. "ನಾನು ಎಷ್ಟು ಸಲ ಹೇಳ್ಬೇಕು ನಿಂಗೆ?"

ಆ ಹಿಡಿತ, ಆ ಮಾತು, ಮಾತಿನ ಕೊನೆಯಲ್ಲಿ ತಲೆಯನ್ನು ಓರೆ ಮಾಡುವ ಬಗೆ. ಕ್ರೇಗ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡೇ ಇವನ್ನ! ಎಂಟು ದಿನದಲ್ಲಿ ನನ್ನ ಕೆಲಸ ಕಿತ್ಕೋತಾನೆ!"

ಎಡಿಯ ಹಣೆಯ ಮೇಲೆ ಚರ್ಮ ತರಚಿ ಕೆಂಪು ಗೆರೆ ಎದ್ದಿತ್ತು. ಅವಳು ಅಳಲಿಲ್ಲ, ಲಾಡಿ ಬಿಚ್ಚುವುದನ್ನು ಮುಂದುವರಿಸಿದಳು. ಯೂವನ್ ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡು ಜೇಬಿಗೆ ಸೇರಿಸಿದ.

ಸೋಮವಾರ ಲೋರ್ನಾ ಶಾಲೆಯ ಕಚೇರಿಯಲ್ಲಿ ಬೋರ್ಡಿಂಗ್ ಪಾಸುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡಳು. ಕ್ರೇಗ್ ನೋಡಿ ಮೂಗು ಮುರಿದ. "ಎಲ್ಲ ನನ್ನ ಫೋನಲ್ಲಿದೆ. ನಿಮ್ಮಜ್ಜಿ ಕಾಲದವಳು ನೀನು."

"ಇರಲಿ ಬಿಡು," ಎಂದಳು. ಬೇರೇನನ್ನೂ ಅವನು ಕೇಳಲಿಲ್ಲ. ಬೇರೇನನ್ನೂ ಅವಳು ಹೇಳಲಿಲ್ಲ.

ಹೊರಡುವ ದಿನ ಹನ್ನೊಂದು ಗಂಟೆಗೆ ಅವರು ನ್ಯೂಕಾಸಲ್ ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಿದ್ದರು. ಕಾಗದ ನೋಡುವ ಹುಡುಗಿ ಮೂರು ಪಾಸ್‌ಪೋರ್ಟುಗಳನ್ನು ತಿರುವಿ ಬದಿಗಿಟ್ಟಳು. ನಾಲ್ಕನೆಯದನ್ನು ತೆರೆದು ಮುಚ್ಚಿ, ಮತ್ತೆ ತೆರೆದಳು.

"ಸರ್, ಇದರಲ್ಲಿ ನೀವು ಹೋಗೋಕಾಗಲ್ಲ."

"ಜೂನ್‌ವರೆಗೆ ಇದೆ ನೋಡಿ ಅಮ್ಮ," ಎಂದು ಕ್ರೇಗ್ ನಕ್ಕ.

"ಅವರು ಕೊಟ್ಟ ದಿನದಿಂದ ಹತ್ತು ವರ್ಷ ಲೆಕ್ಕ ಹಾಕ್ತಾರೆ ಸರ್. ಹೋದ ತಿಂಗಳೇ ಮುಗೀತು. ನಿಮ್ಮನೆಯವರದ್ದು, ಮಕ್ಕಳದ್ದು ಸರಿ ಇದೆ."

ಅವನ ನಗು ಮುಖದ ಮೇಲೇ ಉಳಿಯಿತು, ಗೋಡೆಗೆ ಅಂಟಿಸಿದ ಕಾಗದದಂತೆ. ಅವನ ಕೈ ಲೋರ್ನಾಳ ಮೊಣಕೈಯನ್ನು ಹುಡುಕಿಕೊಂಡು ಬಂತು. "ನಡೀರಿ," ಎಂದ. "ಮನೆಗೆ. ಎಲ್ರೂ."

"ಅಯ್ಯೋ, ಕ್ರೇಗ್ ಅಲ್ವಾ!" ಪಕ್ಕದ ಸಾಲಿನಿಂದ ದಪ್ಪನೆಯ ಹೆಂಗಸೊಬ್ಬಳು ಕೈಬೀಸಿದಳು. "ನಮ್ಮ ಹುಡುಗಿ ಪಾಸಾದ್ಲು ಕಣಪ್ಪ! ನಾಲ್ಕು ಜನ ಮೇಷ್ಟ್ರನ್ನ ಅಳಿಸಿದವಳು, ನಿನ್ನ ಕೈಗೆ ಸಿಕ್ಕಿ ಪಾಸಾದ್ಲು! ಏನಾಯ್ತು, ಯಾಕೆ ಹಿಂಗೆ ನಿಂತಿದ್ದೀರಿ?"

ಕಾಗದ ನೋಡುವ ಹುಡುಗಿ ಏನಾಯಿತೆಂದು ಹೇಳಿದಳು. ಹೆಂಗಸು ಕೆನ್ನೆಗೆ ಕೈಯಿಟ್ಟುಕೊಂಡಳು. "ಛೆ ಛೆ! ಆದ್ರೆ ಮಕ್ಕಳು ಏನು ಮಾಡಿದ್ವಪ್ಪ? ಅವ್ರನ್ನ ಕಳ್ಸು. ನಿನ್ನಂಥ ಬಂಗಾರದ ಮನುಷ್ಯ ಮಕ್ಕಳ ರಜ ಹಾಳು ಮಾಡ್ತಾನಾ? ನೀನು ಮನೇಲಿ ಕಾಲು ಚಾಚಿ ಫುಟ್‌ಬಾಲ್ ನೋಡು!" ಸಾಲಿನಲ್ಲಿದ್ದ ನಾಲ್ಕಾರು ಜನ ನಕ್ಕರು. ಎಲ್ಲರೂ ಕ್ರೇಗ್‌ನನ್ನು ನೋಡುತ್ತಿದ್ದರು. ತಾಳ್ಮೆಗೆ ಹೆಸರಾದ ಮನುಷ್ಯನನ್ನು ನೋಡುವ ಹಾಗೆ.

"ಪಾಸು ಇವರ ಫೋನಲ್ಲಿದೆಯಾ?" ಎಂದು ಹುಡುಗಿ ಕೇಳಿದಳು.

ಲೋರ್ನಾ ಕೋಟಿನೊಳಗಿಂದ ಮಡಚಿದ ಕಾಗದಗಳನ್ನು ಎಡಗೈಯಲ್ಲಿ ತೆಗೆದು ಮೇಜಿನ ಮೇಲಿಟ್ಟಳು. ಹುಡುಗಿ ಮೂರರ ಮೇಲೆ ಮುದ್ರೆ ಒತ್ತಿದಳು.

ಕ್ರೇಗ್ ಕಾಗದಗಳನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಅವನ ಕಣ್ಣಿನಲ್ಲಿ ಏನೋ ನಿಧಾನವಾಗಿ ತಿರುಗಿ ಕೂತಿತು.

"ನಿಂಗೆ ಗೊತ್ತಿತ್ತು."

"ನೀನು ಮುಗಿಯೋ ತಾರೀಕು ಕೇಳಿದೆ," ಎಂದಳು ಲೋರ್ನಾ. "ಓದಿ ಹೇಳಿದೆ."

ಅವನು ಬೀಳ್ಕೊಡುವ ಗಂಡನಂತೆ ಬಗ್ಗಿ ಅವಳ ಕೆನ್ನೆಗೆ ಮುತ್ತಿಟ್ಟ. ಅವನ ಕೈ ಪಟ್ಟಿ ಸುತ್ತಿದ ಎರಡು ಬೆರಳುಗಳನ್ನು ಮುಷ್ಟಿಯೊಳಗೆ ತೆಗೆದುಕೊಂಡಿತು, ಹಿಂಡಿತು, ತಿರುಚಿತು. ಅವಳ ಕಣ್ಣೆದುರು ನಿಲ್ದಾಣದ ದೀಪಗಳೆಲ್ಲ ಒಮ್ಮೆ ಬೆಳ್ಳಗಾಗಿ ಹೋದವು. "ಗುರುವಾರ ನಾಲ್ಕೂವರೆಗೆ ಇದೇ ಬಾಗ್ಲಲ್ಲಿ ನಿಂತಿರ್ತೀನಿ," ಎಂದು ಅವನು ಕಿವಿಯಲ್ಲಿ ಹೇಳಿದ. "ನಿನ್ನ ಎರಡೂ ಕೈ ತಗೊಂಡು ಬಾ."

"ಎಷ್ಟು ಪ್ರೀತಿ ನೋಡ್ರೇ," ಎಂದಳು ಆ ಹೆಂಗಸು.

ತಪಾಸಣೆಯಲ್ಲಿ ಎಡಿಯ ಲಾಡಿ ಮತ್ತೆ ಗಂಟಾಯಿತು. ಅಲ್ಲಿನ ಮುದುಕ ಅಧಿಕಾರಿ, "ಬೂಟು ಬಿಚ್ಚೋದೇ ಬೇಡ ಪುಟ್ಟಿ, ಹಂಗೇ ಬಾ," ಎಂದ. ಎಡಿ ನಂಬಲಾರದೆ ಅಮ್ಮನ ಮುಖ ನೋಡಿದಳು.

ವಿಮಾನದಲ್ಲಿ ನಾಲ್ಕನೆಯ ಸೀಟು ಖಾಲಿಯಿತ್ತು. ಎಡಿ ಮೊಲವನ್ನು ಅದರಲ್ಲಿ ಕೂರಿಸಿ ಬೆಲ್ಟು ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮೋಡದ ಮೇಲೆ ಬಂದು ಬಹಳ ಹೊತ್ತಾದ ಮೇಲೆ ಯೂವನ್ ಕಿಟಕಿಯ ಕಡೆಗೇ ಮುಖಮಾಡಿಕೊಂಡು ಮಾತನಾಡಿದ.

"ಸೆಪ್ಟೆಂಬರ್ ಆದ್ಮೇಲೆ ಅಕ್ಟೋಬರ್ ಅಲ್ವಾ ಅಮ್ಮ?"

"ಹೂಂ."

"ನಾನು ಅವತ್ತೇ ಎಣಿಸಿದ್ದೆ. ಶಾಲೇಲಿ ಮೋಲಿ ಆಂಟಿ ಚಡ್ಡಿ ಕಥೆ ನಂಗೂ ಹೇಳಿದ್ರು." ಅವನು ಕಿಟಕಿಯ ಗಾಜಿನ ಮೇಲೆ ಉಗುರಿನಿಂದ ಗೀರಿದ. "ನಾನು ಹೇಳ್ಲಿಲ್ಲ."

ಲೋರ್ನಾಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ಓಡಿಹೋಗಬೇಕೆಂದೂ ಅನಿಸಿತು. ಏಳು ವರ್ಷದ ಮಗು ಹದಿನೈದು ದಿನ ಬಾಯಿ ಬಿಗಿಹಿಡಿದು, ಅಪ್ಪನ ಎದುರು ಕೂತು ಊಟ ಮಾಡಿ, ಗಡಿಯಾರ ಹಿಡಿದು ನಿಂತಿತ್ತು. ಅವಳು ಎಡಗೈಯನ್ನು ಅವನ ತಲೆಯ ಮೇಲಿಟ್ಟಳು. ಅವನು ಮೊದಲು ಕತ್ತನ್ನು ಒಳಕ್ಕೆ ಎಳೆದುಕೊಂಡ, ಆಮೇಲೆ ಸಡಿಲಬಿಟ್ಟ.

ಬುಡಾಪೆಸ್ಟಿನಲ್ಲಿ ಸಾಲು ಮೆಲ್ಲಗೆ ಸರಿಯಿತು. ಗಾಜಿನ ಗೂಡಿನೊಳಗೆ ಕೂತಿದ್ದ ಅಧಿಕಾರಿ ತಿಳಿಯುವಷ್ಟು ಇಂಗ್ಲಿಷಿನಲ್ಲಿ, ಮಕ್ಕಳ ಬೆರಳಚ್ಚು ಬೇಡ, ನಿಮ್ಮ ಬಲಗೈಯ ನಾಲ್ಕು ಬೆರಳು ಇಲ್ಲಿಡಿ ಎಂದ. ಮುಂದೆ ಹಸಿರು ಬೆಳಕಿನ ಪುಟ್ಟ ಗಾಜಿತ್ತು. ಲೋರ್ನಾ ಹಲ್ಲಿನಿಂದ ಪಟ್ಟಿಯ ತುದಿಯನ್ನು ಎಳೆದು ಸುತ್ತು ಸುತ್ತಾಗಿ ಬಿಚ್ಚಿದಳು. ಒಳಗೆ ಬೆರಳುಗಳು ಊದಿ, ನೀಲಿ ಹಳದಿಯಾಗಿ, ಒಂದರ ಮೇಲೊಂದು ವಾಲಿದ್ದವು. ಗಾಜಿನ ಮೇಲಿಟ್ಟಳು. ಎರಡು ಚಪ್ಪಟೆ ಕೂತವು, ಎರಡು ಕೂರಲಿಲ್ಲ. ದೀಪ ಕೆಂಪಾಯಿತು. ಅವಳು ಎಡಗೈಯಿಂದ ಅವುಗಳನ್ನು ಕೆಳಕ್ಕೆ ಒತ್ತಲು ಹೊರಟಳು.

"ಬೇಡ, ಬೇಡ," ಎಂದ ಅಧಿಕಾರಿ. ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ. ಬೆರಳುಗಳನ್ನು ನೋಡಿದ, ಎಡಿಯ ಹಣೆಯ ಮೇಲೆ ಮಾಸುತ್ತಿದ್ದ ಗೆರೆಯನ್ನು ನೋಡಿದ, ಮೂರು ಪಾಸ್‌ಪೋರ್ಟುಗಳನ್ನು ನೋಡಿದ. "ಎಡಗೈ ಸಾಕು."

ಎಡಗೈ ಇಟ್ಟಳು. ದೀಪ ಹಸಿರಾಯಿತು.

"ಎಷ್ಟು ದಿನ ಇರ್ತೀರಿ?"

ಸುಲಭದ ಪ್ರಶ್ನೆ. ಮನೆಯ ಬಿಳಿ ಹಲಗೆಯ ಮೇಲೆ ಕಾಲು ಕಾಲು ಗಂಟೆಯಾಗಿ ಉತ್ತರ ಬರೆದಿಟ್ಟಿತ್ತು. ಲೋರ್ನಾ ಬಾಯಿ ತೆರೆದಳು. ಯೂವನ್ ಅವಳನ್ನೇ ನೋಡುತ್ತಿದ್ದ. ಎಡಿ ಮೊಲದ ಕಿವಿ ಹಿಡಿದು ಅಣ್ಣನ ಬೆನ್ನಿಗೆ ಒರಗಿ ನಿಂತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಧಿಕಾರಿ ಅವಸರಪಡಿಸಲಿಲ್ಲ. ಗಾಜಿನ ಮೇಲೆ ಅವಳ ಬೆರಳುಗಳ ಒದ್ದೆ ಗುರುತು ಅಂಚಿನಿಂದ ಒಣಗುತ್ತ ಬರುತ್ತಿತ್ತು. ಮೊದಲು ಕಿರುಬೆರಳಿನದು, ಆಮೇಲೆ ಅದರ ಪಕ್ಕದ್ದು.