ಹೊರಡುವ ದಾರಿ

ಜೇನು ಸಾಕುವವರು ಹತ್ತು ವರ್ಷ ಕೂಡಿಸಿದ್ದ ಮಾತುಕತೆಯೆಲ್ಲ, ಹಳೆಯ ವೆಬ್‌ಸೈಟ್ ಮುಚ್ಚಿದ ದಿನವೇ ಅಳಿಸಿಹೋಗಿತ್ತು. ಈಗ ಹೊಸ ಚರ್ಚಾವೇದಿಕೆ ಕಟ್ಟಲು ಅವರಲ್ಲೊಬ್ಬನಾದ ಚಿಕ್ಕಪ್ಪ ತನ್ನ ಅಣ್ಣನ ಮಗಳನ್ನು ಕೂರಿಸಿಕೊಂಡಿದ್ದ. ಅದಕ್ಕೆ ಜಾಗ ಕೊಡುವ ಎರಡು ಹೋಸ್ಟಿಂಗ್ ಕಂಪನಿಗಳನ್ನು ಅವಳು ಆರಿಸಿದ್ದಳು.

“ಇದರ ವೇಗ ಜಾಸ್ತಿ ಚಿಕ್ಕಪ್ಪ. ಇನ್ನೊಂದು ಸ್ವಲ್ಪ ನಿಧಾನ.”

“ನಮ್ಮ ಜನ ಪ್ರಶ್ನೆ ಕೇಳಿ, ಉತ್ತರ ನೋಡೋಕೆ ನಾಲ್ಕು ದಿನ ಬಿಟ್ಟು ಬರ್ತಾರೆ. ವೇಗ ಇಟ್ಕೊಂಡು ಏನ್ಮಾಡ್ಲಿ?” ಚಿಕ್ಕಪ್ಪ ಬೆರಳಿಗಂಟಿದ ಮೇಣ ಕೆರೆದುಕೊಂಡ. “ಹೊಸ ಜಾಗದಲ್ಲಿ ಜೇನುಪೆಟ್ಟಿಗೆ ಇಡೋ ಮುಂಚೆ ನಾನೇನು ನೋಡ್ತೀನಿ ಹೇಳು.”

“ಹೂವು.”

“ಗಾಡಿ ಬರೋ ದಾರಿ ಕಣೇ. ಹೂವು ಮುಗಿದ್ಮೇಲೆ ಪೆಟ್ಟಿಗೆ ಹೇರ್ಕೊಂಡು ಹೊರಡ್ಬೇಕಲ್ಲ. ನಾವು ಬಿಟ್ಟು ಹೋಗೋವಾಗ ನಮ್ಮ ಮಾತೆಲ್ಲ ವಾಪಸ್ ಕೊಡ್ತೀರಾ ಅಂತ ಇಬ್ಬರಿಗೂ ಬರಿ.”

“ಹೆಣ್ಣು ನೋಡೋಕೆ ಹೋದಾಗಲೇ ಡೈವೋರ್ಸ್ ಕೇಳ್ದಂಗಾಯ್ತು,” ಎಂದು ನಗುತ್ತಲೇ ಬರೆದಳು.

ವೇಗದ ಕಂಪನಿ ಗಂಟೆಯೊಳಗೆ ಉತ್ತರಿಸಿತು: ಬಿಡುವ ಯೋಚನೆಯೇ ಬೇಡ, ಮೊದಲ ಮೂರು ತಿಂಗಳು ಪುಕ್ಕಟೆ. ಎರಡನೆಯದು ಮರುದಿನ, ಮಾತುಕತೆಯ ನಕಲು ಇಳಿಸಿಕೊಳ್ಳುವ ವಿಧಾನವನ್ನು ಬಿಡಿಸಿ ಬರೆದಿತ್ತು. ಕೊನೆಯಲ್ಲಿ, ‘ಈಗಲೇ ಒಮ್ಮೆ ಮಾಡಿ ನೋಡಿ’ ಎಂದಿತ್ತು.

ಆ ಕಂಪನಿಯ ಜಾಗದಲ್ಲಿ ಪ್ರಯೋಗಕ್ಕೊಂದು ವೇದಿಕೆ ತೆರೆದು ಮಾಡಿ ನೋಡಿದರು. ಪೆಟ್ಟಿಗೆಗೆ ಇರುವೆ ಹತ್ತದಂತೆ ಏನು ಮಾಡ್ತೀರಿ ಎಂದು ಚಿಕ್ಕಪ್ಪ ಒಂದೇ ಬೆರಳಲ್ಲಿ ಟೈಪ್ ಮಾಡಿದ. ಅವಳು ನಕಲು ಇಳಿಸಿಕೊಂಡು, ಅಲ್ಲಿದ್ದದ್ದನ್ನೆಲ್ಲ ಅಳಿಸಿ, ನಕಲನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ಇರುವೆಯ ಪ್ರಶ್ನೆ ಅವನ ಕಾಗುಣಿತದ ತಪ್ಪುಗಳ ಸಮೇತ ಹಾಗೇ ಇತ್ತು.

ಚಿಕ್ಕಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದ.

“ಇವರೇ ಇರಲಿ,” ಎಂದ. “ಎಲ್ಲಿ, ಇನ್ನೊಂದ್ಸಲ ಅಳಿಸು, ನೋಡೋಣ.”