ಎದೆ ಮಾತ್ರೆ, ಬನಶಂಕರಿ ಸೈಟು

ನಮ್ಮವರು ನನ್ನ ಮಾತಿಗೆ ಹೂಂ ಅಂದವರೇ ಅಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಮಳೆ ಬರುತ್ತಿದೆ ಅಂದೆ. ಕಿಟಕಿಯಿಂದ ಕೈ ಚಾಚಿ ನೋಡಿ, "ಇದು ಮಳೆಯಲ್ಲ ಚೂಡಾ, ತುಂತುರು" ಅಂದರು. ಹೆಸರು ರಾಮಪ್ರಸಾದ, ಕೆಲಸ ಏಜೀಸ್ ಆಫೀಸಿನಲ್ಲಿ ಆಡಿಟು. ಹಗಲೆಲ್ಲ ಊರವರ ತಪ್ಪು ಹುಡುಕಿ, ಸಂಜೆ ಮನೆಗೆ ಬಂದು ಚೂಡಾಮಣಿಯ, ಅಂದರೆ ನನ್ನ, ತಪ್ಪು ಹುಡುಕುವುದು. ಅದಕ್ಕೆ ಸರ್ಕಾರ ಸಂಬಳ ಕೊಡುತ್ತಿರಲಿಲ್ಲ, ಪುಕ್ಕಟೆ ಸೇವೆ.

ನಮ್ಮ ದೊಡ್ಡ ಜಗಳ ಬನಶಂಕರಿ ಸೈಟಿನದು. ಎರಡನೇ ಸ್ಟೇಜಿನಲ್ಲಿ ಎತ್ತರದ ಜಾಗ, ಮೂಲೆ ಸೈಟು. ಅದನ್ನು ನೋಡಿದ ದಿನವೇ ತುಳಸಿಕಟ್ಟೆ ಎಲ್ಲಿ, ಬಚ್ಚಲು ಎಲ್ಲಿ ಅಂತ ಮನಸ್ಸಿನಲ್ಲೇ ಕಟ್ಟಿಬಿಟ್ಟಿದ್ದೆ. ಇವರು "ಅಲ್ಲಿಗೆ ಬಸ್ ಎಲ್ಲಿದೆ?" ಅಂತ ಒಂದೇ ಮಾತು ಹೇಳಿ ತಿಲಕ್ ನಗರದ ತಗ್ಗಿನಲ್ಲಿ ಮನೆ ಕಟ್ಟಿಸಿದರು. ಜೋರು ಮಳೆ ಬಂದರೆ ಮೋರಿ ನೀರು ಹೊಸ್ತಿಲು ದಾಟಿ ನಡುಮನೆಗೆ ಬರುತ್ತಿತ್ತು. ನಾನು ಪೊರಕೆಯಿಂದ ನೀರು ತಳ್ಳುತ್ತಾ "ಬನಶಂಕರಿ" ಅನ್ನುವುದು, ಇವರು ಕುರ್ಚಿಯ ಮೇಲೆ ಕಾಲು ಮಡಚಿ ಕೂತು "ಬಸ್ಸು" ಅನ್ನುವುದು. ಬನಶಂಕರಿಗೆ ಬಸ್ಸು ಬಂದು ವರ್ಷಗಳು ಕಳೆದರೂ ಇವರ ಬಾಯಲ್ಲಿ ಅದೇ ಬಸ್ಸು. ಮನೆ ಕಟ್ಟಿಸಿದಾಗ ನಮ್ಮಮ್ಮ ಪಕ್ಕದ ಟಿ ಬ್ಲಾಕಿನಲ್ಲಿ ಒಬ್ಬಳೇ ಹಾಸಿಗೆ ಹಿಡಿದಿದ್ದಳು. ಅವಳು ಹೋಗುವವರೆಗೂ ನಾನು ಬೆಳಗ್ಗೆ ಸಂಜೆ ಊಟದ ಕ್ಯಾರಿಯರ್ ಹಿಡಿದು ಹೋಗಿ, ಅನ್ನ ಕಲಸಿ ಬಾಯಿಗಿಡುತ್ತಾ ಇದೇ ದೂರು ಹೇಳುತ್ತಿದ್ದೆ. ಅವಳೂ ನನ್ನ ಪರವೇ.

ಎಂಬತ್ತಮೂರರ ಮಳೆಗಾಲದಲ್ಲಿ ಇವರಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಯಿತು. ಆಪರೇಷನ್ ಮಾಡಲೇಬೇಕು ಅಂದರು ಡಾಕ್ಟರ್ ತಿಮ್ಮರಾಯಪ್ಪ. ಜಯನಗರದಲ್ಲಿ ಅವರದೇ ಸಣ್ಣ ನರ್ಸಿಂಗ್ ಹೋಂ. ನನಗೆ ಹೊಟ್ಟೆಗಿಂತ ಎದೆಯದೇ ಭಯ. ಕೆಲವು ವರ್ಷಗಳಿಂದ ಇವರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ಬೀಟಾ ಬ್ಲಾಕರ್ ಅನ್ನುವ ಮಾತ್ರೆ ಕೊಟ್ಟಿದ್ದರು, ನಾವು ಎದೆ ಮಾತ್ರೆ ಅನ್ನುತ್ತಿದ್ದೆವು. ಅದನ್ನು ನುಂಗಲು ಶುರು ಮಾಡಿದ ಮೇಲೆ ನೋವೂ ಇಲ್ಲ, ನಾಡಿಯೂ ನಿಧಾನ.

ಆಗ ಇವರ ಆಫೀಸಿನ ಶಾಮಣ್ಣ ಬಂದರು. ಊರಿನ ಎಲ್ಲ ರೋಗದಲ್ಲೂ ಅವರಿಗೆ ಅನುಭವ. "ನಮ್ಮಣ್ಣಂಗೆ ಹರ್ನಿಯಾ ಮಾಡಿದಾಗ ಎದೆ ಮಾತ್ರೇನ ವಾರಗಟ್ಲೆ ಮುಂಚೇನೇ ನಿಲ್ಲಿಸಿದ್ರು ಕಣಯ್ಯಾ. ಇಲ್ದಿದ್ರೆ ಆಪರೇಷನ್ ಟೇಬಲ್ ಮೇಲೇ ಹಾರ್ಟ್ ನಿಂತುಹೋಗುತ್ತಂತೆ!" ಅಂದರು.

ನನ್ನ ಮಾತನ್ನು ಎಂದೂ ಕೇಳದ ಮನುಷ್ಯ ಶಾಮಣ್ಣನ ಮಾತು ಕೇಳಿದರು. ಮಾರನೆಯ ದಿನ ಮಾತ್ರೆ ತಟ್ಟೆಯ ಪಕ್ಕದಲ್ಲೇ ಉಳಿದಿತ್ತು. ನನಗೆ ಮೈಯೆಲ್ಲ ಉರಿದು, ಆಟೋ ಕರೆದು, ಬನಿಯನ್ನಿನ ಮೇಲೆ ಶರ್ಟು ಹಾಕಿಸಿ ಇವರನ್ನು ಡಾಕ್ಟರ ಮುಂದೆ ಕೂರಿಸಿದೆ.

ತಿಮ್ಮರಾಯಪ್ಪನವರು ಮೊದಲು ಮಾತ್ರೆ ನುಂಗಿಸಿದರು, ಆಮೇಲೆ ಮಾತಾಡಿದರು.

"ಸಾರ್, ನಿಮ್ಮ ಸ್ನೇಹಿತ್ರು ಹೇಳಿದ್ದು ಸುಳ್ಳಲ್ಲ. ಮುಂಚೆ ನಾವೂ ಹಾಗೇ ನಿಲ್ಲಿಸ್ತಿದ್ವಿ. ಆದ್ರೆ ಇದನ್ನ ದಿಢೀರ್ ಅಂತ ನಿಲ್ಲಿಸಿದ್ರೆ, ಇಷ್ಟು ದಿನ ಲಗಾಮು ಹಾಕಿದ್ದ ಹಾರ್ಟು ಒಂದೇ ಸಲ ಓಡೋಕೆ ಶುರು ಮಾಡುತ್ತೆ. ಹಾಗೆ ನಿಲ್ಲಿಸಿ ಹಾರ್ಟ್ ಅಟ್ಯಾಕ್ ಆದವರಿದ್ದಾರೆ. ಆಪರೇಷನ್ ದಿನಾನೂ ಒಂದು ಗುಟುಕು ನೀರಲ್ಲಿ ನುಂಗಿ."

"ಹಾಗಾದ್ರೆ ಅದರಿಂದ ಅಪಾಯ ಇಲ್ವೇ?" ಅಂದರು ಇವರು, ಆಡಿಟ್ ದನಿಯಲ್ಲಿ.

"ಇದೆ. ಒಳಗೆ ರಕ್ತ ಹೋಗ್ತಿದ್ರೆ ಯಾರಿಗಾದ್ರೂ ನಾಡಿ ಓಡುತ್ತೆ. ನಮಗೆ ಅದೇ ಮೊದಲನೇ ಎಚ್ಚರಿಕೆ. ನಿಮಗೆ ಲಗಾಮು ಇರೋದ್ರಿಂದ ಓಡದೇ ಇರಬಹುದು. ಎಲ್ಲಾ ಸರಿಯಾಗಿದೆ ಅಂತ ನಾಡಿ ಸುಳ್ಳು ಹೇಳಬಹುದು." ಆಮೇಲೆ ನನ್ನ ಕಡೆ ತಿರುಗಿದರು. "ಅದಕ್ಕೇ ಅಮ್ಮಾ, ಬಿ.ಪಿ. ನಾವು ನೋಡ್ಕೋತೀವಿ. ನೀವು ಮನುಷ್ಯನ್ನ ನೋಡ್ಕೊಳ್ಳಿ. ಯಾವತ್ತಿನ ಹಾಗಿಲ್ಲ ಅನ್ನಿಸಿದ್ರೆ ಹೊತ್ತುಗೊತ್ತು ನೋಡ್ಬೇಡಿ, ಕೂಗಿ."

ಆಪರೇಷನ್ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಕಣ್ಣು ಬಿಟ್ಟವರೇ, "ಈ ಫ್ಯಾನಿಗೆ ಎಣ್ಣೆ ಹಾಕಿ ಎಷ್ಟು ವರ್ಷ ಆಯ್ತು?" ಅಂದರು. ನಾನು ಎರಡೂ ಕೈ ಮುಗಿದೆ, ಫ್ಯಾನಿಗೋ ದೇವರಿಗೋ ನನಗೇ ಗೊತ್ತಿಲ್ಲ. ಆಮೇಲೆ ಇವರಿಗೆ ದಿಂಬು ಎತ್ತರವಾಯಿತು, ಬೆಳಕು ಹೆಚ್ಚಾಯಿತು, ನಾನು ಉಸಿರಾಡುವುದೂ ಜೋರಾಯಿತು. ಮನುಷ್ಯ ಯಾವತ್ತಿನ ಹಾಗೆಯೇ ಇದ್ದರು.

ಸಂಜೆಗೆ ಮಳೆ ಹಿಡಿಯಿತು. ಇವರು ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದರು. ನರ್ಸಮ್ಮ ಬಂದು ಕೈ ಹಿಡಿದು ನೋಡಿ, "ಪಲ್ಸ್ ಸಖತ್ತಾಗಿದೆ ಆಂಟಿ, ನಿದ್ದೆ ಮಾಡ್ಲಿ" ಅಂದಳು. ಪಕ್ಕದ ಮಂಚದವರ ಡ್ರಿಪ್ ಬದಲಾಯಿಸಿ ಬಂದು ಬಿ.ಪಿ. ನೋಡುತ್ತೇನೆ ಅಂತ ತಿರುಗಿದಳು. ನನಗೆ ಆ ಮೌನ ಹಿಡಿಸಲಿಲ್ಲ. ಮಾತಿಗೆಳೆಯೋಣ ಅಂತ, "ರೀ, ಮಳೆ ನೋಡಿ. ಇಷ್ಟೊತ್ತಿಗೆ ನಡುಮನೇಲಿ ನೀರು ನಿಂತಿರುತ್ತೆ. ಆ ಬನಶಂಕರಿ ಸೈಟು ತಗೊಂಡಿದ್ರೆ..." ಅಂದೆ.

"ಹೌದು ಚೂಡಾ," ಅಂದರು ಮೆಲ್ಲಗೆ. "ನೀನು ಹೇಳಿದ್ದೇ ಸರಿ."

ಈ ಮಾತಿಗಾಗಿ ನಾನು ಎಷ್ಟು ಮಳೆಗಾಲ ಕಾದಿದ್ದೆ! ಕೇಳಿಸಿದ ಕೂಡಲೇ ಎದ್ದು ಇವರ ಮೇಲೆ ಬಾಗಿದೆ. ಹಣೆ ಮುಟ್ಟಿದೆ. ತಣ್ಣನೆ ಬೆವರು. ತುಟಿ ಬೆಳ್ಳಗಿತ್ತು.

"ಸಿಸ್ಟರ್! ಡಾಕ್ಟ್ರನ್ನ ಕರೀರಿ! ಇವರು ಹೌದು ಅಂತಿದಾರೆ!"

ನರ್ಸಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ಆದರೆ ಒಳ್ಳೆ ಹುಡುಗಿ, ನಗಲಿಲ್ಲ. ಬಂದು ಬಿ.ಪಿ. ಪಟ್ಟಿ ಸುತ್ತಿ ನೋಡಿದವಳು ಓಡಿದಳು. ನಾಡಿ ಆಗಲೂ ನಿಧಾನವಾಗಿ, ಏನೂ ಆಗಿಲ್ಲವೆಂಬಂತೆ ಹೊಡೆಯುತ್ತಿತ್ತು. ರಕ್ತದ ಒತ್ತಡ ಮಾತ್ರ ನೆಲ ಕಚ್ಚಿತ್ತು.

ಮತ್ತೆ ಹೊಟ್ಟೆ ತೆರೆದರು. ಒಳಗೆ ಕಟ್ಟಿದ್ದ ಒಂದು ರಕ್ತನಾಳದ ಗಂಟು ಜಾರಿತ್ತು. ರಕ್ತ ಬೇಕು ಅಂದಾಗ ಹೊಂದಿದ್ದು ಶಾಮಣ್ಣನವರದು. ಮಳೆಯಲ್ಲಿ ನೆನೆದುಕೊಂಡು ಬಂದು ತೋಳು ಚಾಚಿದರು. ಅವರ ಮೇಲಿದ್ದ ಸಿಟ್ಟನ್ನೆಲ್ಲ ಅಲ್ಲೇ ಬಿಟ್ಟೆ. ಆಪರೇಷನ್ ಕೋಣೆಯ ಬಾಗಿಲ ಹೊರಗೆ ಕೂತು, ದೇವರೇ, ಬನಶಂಕರಿ ಸೈಟು ಬೇಡ, ಯಾವ ಸೈಟೂ ಬೇಡ, ನನ್ನ ಮಾತು ಸುಳ್ಳು ಅನ್ನುವವರೊಬ್ಬರನ್ನು ನನಗೆ ಉಳಿಸಿಕೊಡು ಅಂತ ಬೇಡಿಕೊಂಡೆ.

ಉಳಿಸಿಕೊಟ್ಟ.

"ಆ ಮಾತ್ರೆಗೆ ಬೈಯೋದೋ, ಕೈ ಮುಗಿಯೋದೋ?" ಅಂತ ಡಾಕ್ಟರನ್ನು ಕೇಳಿದೆ.

"ಎರಡನ್ನೂ ಮಾಡಿ ಅಮ್ಮಾ. ಅಪಾಯ ಮುಚ್ಚಿಟ್ಟಿದ್ದೂ ಅದೇ, ಎದೆ ಕಾಪಾಡಿದ್ದೂ ಅದೇ ಇರಬಹುದು. ನಿಲ್ಲಿಸಿಬಿಟ್ಟಿದ್ರೆ ಇಷ್ಟು ಪೆಟ್ಟನ್ನ ಅವರ ಎದೆ ತಡ್ಕೊಳ್ತಿತ್ತು ಅಂತ ನಾನು ಹೇಳಲಾರೆ," ಅಂದರು.

ಮನೆಗೆ ಬಂದ ಮೇಲೆ ಮೊದಲ ಜೋರು ಮಳೆಗೆ ಎಂದಿನಂತೆ ನೀರು ನುಗ್ಗಿತು. ಇವರು ಕುರ್ಚಿಯ ಮೇಲೆ ಶಾಲು ಹೊದ್ದು ಕೂತಿದ್ದರು. ನಾನು ಪೊರಕೆ ಹಿಡಿದು, "ನರ್ಸಿಂಗ್ ಹೋಮಲ್ಲಿ ಒಪ್ಪಿಕೊಂಡ್ರಲ್ಲ, ಈಗ ಹೇಳಿ ನೋಡೋಣ" ಅಂದೆ.

"ಮೈಯಲ್ಲಿ ರಕ್ತ ಇಲ್ಲದಾಗ ಆಡಿದ ಮಾತು ಲೆಕ್ಕಕ್ಕಿಲ್ಲ. ಆಗ ಅಲ್ಲಿಗೆ ಬಸ್ ಎಲ್ಲಿತ್ತು?"

"ನಿಮಗೆ ಆಫೀಸಿಗೆ ಹೋಗೋಕೆ ಸೈಕಲ್ ಇತ್ತಲ್ರೀ! ಬಸ್ ಯಾತಕ್ಕೆ?"

ಇವರು ಶಾಲು ಎಳೆದುಕೊಂಡರು. "ನನಗಲ್ಲ ಕಣೇ. ನೀನು ಬನಶಂಕರಿಯಿಂದ ಕ್ಯಾರಿಯರ್ ಹಿಡ್ಕೊಂಡು ನಿಮ್ಮಮ್ಮನ ಹತ್ರ ದಿನಾ ಎರಡು ಹೊತ್ತು ಹೇಗೆ ಬರ್ತಿದ್ದೆ?"

ಪೊರಕೆ ಕೈಯಲ್ಲೇ ನಿಂತಿತು. ಇಷ್ಟು ವರ್ಷವೂ ಆ ಬಸ್ಸು ಇವರಿಗೆ ಅಂದುಕೊಂಡಿದ್ದೆ. ನೀರು ಹಿಮ್ಮಡಿಯ ಸುತ್ತ ಹರಿಯುತ್ತಿತ್ತು.

"ಹೌದು ಕಣ್ರೀ," ಅಂದೆ. "ನೀವು ಮಾಡಿದ್ದೇ ಸರಿ."

ಇವರು ಗಾಬರಿಯಿಂದ ನನ್ನ ಮುಖ ನೋಡಿದರು. ಹೊಲಿಗೆಯ ನೋವನ್ನೂ ಲೆಕ್ಕಿಸದೆ ಎದ್ದು, ನೀರಿಗೆ ಕಾಲಿಟ್ಟು ಬಂದು ನನ್ನ ಕೈ ಹಿಡಿದರು.

"ಚೂಡಾ, ಮೈ ಸರಿಯಾಗಿದೆ ತಾನೇ? ಕೈ ಯಾಕೆ ಇಷ್ಟು ತಣ್ಣಗಿದೆ?"

ಮಳೆ ನೀರಿನಿಂದ ಅಂತ ಎಷ್ಟು ಹೇಳಿದರೂ ಇವರು ನಂಬಲಿಲ್ಲ, ಕೈಯನ್ನೂ ಬಿಡಲಿಲ್ಲ.