ಬೈಗುಳ ತೆಗೆದ ಮಾತು

ಹಿರೀಸಾವೆಯ ಸಮುದಾಯ ಭವನಕ್ಕೆ ಮೋಲ್ಡ್ ಹಾಕುವ ಬೆಳಿಗ್ಗೆ ನಾನು ಮೇಲೆ ಹತ್ತಿ ನೋಡಿದರೆ, ಊಟದ ಹಾಲ್‌ನ ಮೇಲೆ ಹಾಯುವ ಬೀಮಿನ ಕಂಬಿಗಳು ತುಂಡಾಗಿದ್ದವು. ನಡುವೆ ಪೈಪೊಂದು ನೆಟ್ಟಗೆ ನಿಂತಿತ್ತು. ಕೆಳಗೆ ಮಿಕ್ಸರ್ ತಿರುಗುತ್ತಿತ್ತು. ಹಿಂದುಗಡೆಯಿಂದ ಕೆಲಸದವರ ಬಾಡೂಟಕ್ಕೆ ಮಸಾಲೆ ಹುರಿಯುವ ವಾಸನೆ.

"ಕಡಿದೋನೇ ಕಟ್ಲಿ ಅಂತ ಏಳಿ ಮೇಡಮ್ ಅವ್ನಿಗೆ," ಎಂದ ಕಂಬಿ ಕೆಲಸದ ಬೋರಪ್ಪ.

ಅವನೆಂದರೆ ಪ್ಲಂಬರ್ ಮಂಜೇಶ. ಅಲ್ಲೇ ನಿಂತಿದ್ದ. "ಜಾಗ ಬುಡ್ದಿದ್ರೆ ಪೈಪ್ನ ತಲೆ ಮ್ಯಾಲೆ ಒತ್ಕಂಡ್ ಓಗ್ಲಾ ಅಂತ ಕೇಳಿ ಮೇಡಮ್."

ಏಣಿಯೊಂದರ ವಿಷಯಕ್ಕೆ ಜಗಳವಾಡಿ ಇಬ್ಬರೂ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡ ಬಾರದಂತೆ ನೋಡಿಕೊಳ್ಳಲು ಕೆಲಸಕ್ಕೆ ಸೇರಿದ ನಾನು ಅವರ ಮಾತು ಹೊರುತ್ತಿದ್ದೆ. ಬೈಗುಳ ತೆಗೆದು, ಉಳಿದದ್ದನ್ನು ಒಪ್ಪಿಸುತ್ತಿದ್ದೆ. ತೆಗೆದದ್ದೆಲ್ಲ ನನ್ನಲ್ಲೇ ಉಳಿಯುತ್ತಿತ್ತು. ಸಂಜೆ ಮನೆಗೆ ಹೋಗುವ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಅಮ್ಮ ಕೇಳಿದರೆ ತಲೆನೋವು ಎನ್ನುತ್ತಿದ್ದೆ.

ಕಂಟ್ರಾಕ್ಟರ್ ಶಾಂತರಾಜು ಏದುಸಿರು ಬಿಡುತ್ತ ಹತ್ತಿ ಬಂದರು. "ಏನಮ್ಮ ರಂಜಿನಿ, ಇನ್ನೂ ಮೀಟಿಂಗಾ? ಸುರೀರಿ ಅತ್ಲಾಗೆ. ಕಾಂಕ್ರೀಟ್ ಬಿದ್ಮೇಲೆ ಯಾರಿಗ್ ಕಾಣ್ತದೆ?"

ಮುಂದೆ ಇದೇ ತುಂಡು ಕಂಬಿಯ ಬೀಮಿನ ಕೆಳಗೆ ಜನ ಎಲೆ ಹಾಕಿಕೊಂಡು ಕೂರುತ್ತಾರೆ. ಪಂಕ್ತಿಯಲ್ಲಿ ಮಕ್ಕಳೂ ಇರುತ್ತಾರೆ.

ನಾನು ಇಳಿದು ಹೋಗಿ ಮಿಕ್ಸರ್ ಆಫ್ ಮಾಡಿದೆ. ಸದ್ದು ನಿಂತಿತು. ಎಲ್ಲರೂ ಬಗ್ಗಿ ನೋಡಿದರು.

"ಮಂಜೇಶ," ಕೆಳಗಿನಿಂದಲೇ ಕೂಗಿದೆ, "ನಲ್ಲಿಗೂ ಚರಂಡಿಗೂ ವ್ಯತ್ಯಾಸ ಗೊತ್ತಿಲ್ಲದ ಬೇವರ್ಸಿ ಅಂತ ಬೋರಪ್ಪ ನಿನ್ನ ಬೈದಿದ್ದ. ಬೋರಪ್ಪ, ಕಂಬಿ ಬಗ್ಗಿಸಿ ಬಗ್ಗಿಸಿ ಬುದ್ಧೀನೂ ಸೊಟ್ಟಗಾದ ಕತ್ತೆ ಅಂತ ಮಂಜೇಶ ನಿನ್ನ ಬೈದಿದ್ದ. ಪೈಪಿಗೆ ಜಾಗ ಬಿಡದಿದ್ರೆ ಕಂಬಿ ಕಡಿದೇ ಹಾಕ್ತೀನಿ ಅಂತಲೂ ಅಂದಿದ್ದ."

ಬೋರಪ್ಪನ ಬಾಯಿ ತೆರೆದೇ ಇತ್ತು. "ಕಡೀತೀನಿ ಅಂದಿದ್ನಾ? ನೀವು, ಸ್ವಲ್ಪ ಜಾಗ ಬುಟ್ರೆ ಒಳ್ಳೇದು ಅಂದ್ರಿ. ಬುಡ್ದಿದ್ರೂ ನಡೀತದೆ ಅಂದ್ಕಂಡೆ ಕಣವ್ವ!"

ಬೈಗುಳದ ಜೊತೆ ಮಾತಿನ ತುರ್ತನ್ನೂ ತೆಗೆದುಬಿಟ್ಟಿದ್ದೆ. ಕಿವಿ ಬಿಸಿಯಾಯಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಸಿಟ್ಟು ಇನ್ನೂ ಹೆಚ್ಚಿತು.

"ಕತ್ತೆ ಅಂದಿದ್ದೂ ನಿಜ ಕಣ್ಲಾ!" ಮಂಜೇಶ ಅರಚಿದ.

"ಬಾರ್ಲಾ ಇಲ್ಲಿ, ಚರಂಡಿ! ಮೊದ್ಲು ಪೈಪ್ ಕೀಳು. ಬೀಮಿನ ಪಕ್ಕಕ್ಕಾಕು. ಒಸ ಕಂಬಿ ನಾನ್ ಕಟ್ತೀನಿ."

"ಉದ್ದಕ್ ಕಟ್ಲಾ, ತುಂಡು ತುರುಕ್ಬೇಡ!"

"ನಿಂಗ್ಯಾಕ್ಲಾ ನನ್ ಕೆಲ್ಸ? ಇಡ್ಕಾ ಈ ಕಡೆ!"

ಬೈದಾಡಿಕೊಂಡೇ ಇಬ್ಬರೂ ಬೀಮಿಗೆ ಬಗ್ಗಿದರು.

ಶಾಂತರಾಜು ಇಳಿದು ನನ್ನ ಬಳಿ ಬಂದು ಹಲ್ಲು ಕಡಿದರು. "ಬೇಗ ಮುಗ್ಸೋಕ್ ಏಳಮ್ಮ ಅವ್ರಿಗೆ. ಮಿಕ್ಸರ್ನಾಗಿರೋ ಮಾಲು ಗಟ್ಟಿಯಾಯ್ತದೆ."

ನಾನು ಸ್ವಿಚ್ಚಿನ ಮೇಲಿನ ಕೈ ತೆಗೆಯಲಿಲ್ಲ.

"ಮಾಲು ಆಚೆ ಸುರಿಸಿ ಸಾರ್. ಅವರು ಅಲ್ಲೇ ಇದ್ದಾರೆ, ನೀವೇ ಹೇಳಿ."